ಕಾಣೆಯಾದವರ ಪಟ್ಟಿ, ಗುರುತಿಲ್ಲದವರ ಪಟ್ಟಿ

ಮುಟ್ಟಳ್ಳಿ ಭಟ್ಕಳ ಪೇಟೆಗೆ ಅಂಟಿಕೊಂಡ ಊರು. ಮೂಡಲಿಗೆ ಗುಡ್ಡ, ಗುಡ್ಡದ ಬುಡಕ್ಕೆ ಗದ್ದೆ ತೋಟ, ಕೆಂಪುಕಲ್ಲಿನ ಪಾಗಾರದೊಳಗೆ ಹಂಚಿನ ಮನೆಗಳು. ಮಳೆ ಹಿಡಿದ ದಿನಗಳಲ್ಲಿ ಇಲ್ಲಿ ದೂರದ ಸದ್ದುಗಳೆಲ್ಲ ಮುಳುಗಿಹೋಗುತ್ತವೆ. ಕೊಂಕಣ ರೈಲಿನ ಕೂಗೊಂದು ಮಾತ್ರ ಮಳೆಯನ್ನು ಸೀಳಿಕೊಂಡು ಬಂದು ಮನೆ ಬಾಗಿಲು ಮುಟ್ಟುತ್ತದೆ. 2022ರ ಆಗಸ್ಟ್ 2ರ ನಸುಕಿನಲ್ಲಿ ಇದೇ ಊರಿನ ಮನೆಯೊಂದರ ಮೇಲೆ ಗುಡ್ಡ ಜಾರಿತು. ನಾಲ್ವರು ಮಣ್ಣಿನಡಿ ಹೋದರು. ಅಂಥ ಸಾವು ಯಾರಿಗೂ ಬರಬಾರದು. ಆದರೂ ಮಣ್ಣು ಸರಿಸಿ ಹೊರತೆಗೆದ ಒಂದೊಂದು ದೇಹಕ್ಕೂ ಹೆಸರಿತ್ತು, ಕರೆದು ಅಳುವವರಿದ್ದರು.

ಅಲ್ಲಿಂದ ಭಟ್ಕಳದ ಬಸ್ ನಿಲ್ದಾಣಕ್ಕೆ ಬಂದರೆ ಬೇರೆಯೇ ಒಂದು ಲೆಕ್ಕ ಕಾಣುತ್ತದೆ. ಈ ಕರಾವಳಿಯ ಯಾವ ನಿಲ್ದಾಣವಾದರೂ ಸರಿ, ಹೊನ್ನಾವರವಿರಲಿ ಕುಮಟೆಯಿರಲಿ, ವೇಳಾಪಟ್ಟಿಯ ಪಕ್ಕದಲ್ಲೋ ಕಂಬದ ಮೇಲೋ ಪೊಲೀಸ್ ಪ್ರಕಟಣೆಯೊಂದು ಅಂಟಿಕೊಂಡಿರುತ್ತದೆ. ಮಸುಕಾದ ಫೋಟೊ. ಕೆಳಗೆ ಠಾಣೆಯ ಕನ್ನಡ: ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಕನ್ನಡ ಕೊಂಕಣಿ ಮಾತನಾಡುತ್ತಾರೆ, ಮನೆಯಿಂದ ಹೋಗುವಾಗ ಧರಿಸಿದ್ದ ಬಟ್ಟೆ ಇಂಥದ್ದು. ಕೆಲವು ಪ್ರಕಟಣೆಗಳಲ್ಲಿ ‘ಕಾಣೆಯಾಗಿದ್ದಾರೆ’ ಎಂದಿರುತ್ತದೆ. ಇನ್ನು ಕೆಲವುಗಳಲ್ಲಿ ಫೋಟೊದ ಕಣ್ಣು ಮುಚ್ಚಿರುತ್ತದೆ. ಅಲ್ಲಿ ‘ವಾರಸುದಾರರು ಸಂಪರ್ಕಿಸಿ’ ಎಂದಿರುತ್ತದೆ. ಬಸ್ಸಿಗೆ ಕಾಯುವವರು ಕೊಡೆ ಮಡಚಿಕೊಂಡು ಅದಕ್ಕೇ ಒರಗಿ ನಿಲ್ಲುತ್ತಾರೆ. ಎರಡು ಮಳೆ ಬಿದ್ದರೆ ಕಾಗದ ಕರಗಿ ಸುಣ್ಣದ ಗೋಡೆಯೊಂದೇ ಉಳಿಯುತ್ತದೆ.

ಹಳೆಯ, ತಣ್ಣಗಾದ ಪ್ರಕರಣಗಳನ್ನು ಪೊಲೀಸರು ಬಿಡಿಸುವ ಬಗೆಯನ್ನು ತಿಳಿಯಬೇಕಾದರೆ ಈ ಎರಡು ಬಗೆಯ ಕಾಗದಗಳನ್ನು ಬಿಟ್ಟು ಹೋಗುವಂತಿಲ್ಲ. ಸಿನಿಮಾದ ಪತ್ತೇದಾರ ಕೊಲೆಯಾದ ಕೋಣೆಗೆ ಬಂದು ನಿಂತು ಸಿಗರೇಟಿನ ತುಂಡಿನಿಂದ ಕೊಲೆಗಾರನ ಮುಖ ಬಿಡಿಸುತ್ತಾನೆ. ನಮ್ಮ ಠಾಣೆಗಳಲ್ಲಿ ಎಷ್ಟೋ ಕೊಲೆಗಳು ಕೊಲೆಯೆಂದು ದಾಖಲಾಗುವುದೇ ಇಲ್ಲ. ಮಗಳು ಮನೆಗೆ ಬರಲಿಲ್ಲ ಎಂದು ಒಂದು ಊರಿನ ಠಾಣೆಯಲ್ಲಿ ‘ಕಾಣೆ’ ಕಡತ ತೆರೆಯುತ್ತದೆ. ನೂರು ಮೈಲಿಯಾಚೆಯ ಇನ್ನೊಂದು ಊರಿನ ಠಾಣೆಯಲ್ಲಿ ಗುರುತಿಲ್ಲದ ಹೆಂಗಸಿನ ದೇಹ ಸಿಕ್ಕಿತೆಂದು ‘ಯುಡಿಆರ್’ ಬರೆದುಕೊಳ್ಳುತ್ತಾರೆ, ಅಂದರೆ ಅಸ್ವಾಭಾವಿಕ ಮರಣ ವರದಿ. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಬರುತ್ತಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194. ಪಂಚನಾಮೆ, ಮರಣೋತ್ತರ ಪರೀಕ್ಷೆ, ಕೆಲ ದಿನ ಶವಾಗಾರ, ಆಮೇಲೆ ಪುರಸಭೆಯ ಲೆಕ್ಕದಲ್ಲಿ ಮಣ್ಣು. ಒಂದು ಕಡತದಲ್ಲಿ ಹೆಸರಿದೆ, ದೇಹವಿಲ್ಲ. ಇನ್ನೊಂದರಲ್ಲಿ ದೇಹವಿದೆ, ಹೆಸರಿಲ್ಲ. ಇವೆರಡೂ ಒಂದೇ ಮೇಜಿನ ಮೇಲೆ ಬರುವ ತನಕ ಕೊಲೆಗಾರ ಆರಾಮಾಗಿ ಊಟ ಮಾಡಿ ಮಲಗುತ್ತಾನೆ.

ಇದು ನನ್ನ ಕಲ್ಪನೆಯಲ್ಲ. ನಮ್ಮದೇ ಕರಾವಳಿಯಲ್ಲಿ ಆರು ವರ್ಷ ನಡೆದ ಕತೆ.

ಬೆಳಗಿನ ಹೊತ್ತು. ಊರು ಮೈಸೂರಾಗಬಹುದು, ಬೆಂಗಳೂರಿನ ಕೆಂಪೇಗೌಡ ನಿಲ್ದಾಣವಾಗಬಹುದು, ಮಡಿಕೇರಿ ಇಲ್ಲವೇ ಹಾಸನವಾಗಬಹುದು. ರಾತ್ರಿ ಬಸ್ಸುಗಳು ಬಂದು ನಿಂತು ಜನ ಇಳಿಯುತ್ತಿದ್ದಾರೆ, ಕ್ಯಾಂಟೀನಿನಲ್ಲಿ ಮೊದಲ ಚಹಾ ಕುದಿಯುತ್ತಿದೆ. ಹೆಂಗಸರ ಶೌಚಾಲಯದ ಒಂದು ಬಾಗಿಲು ಮಾತ್ರ ತೆರೆಯುತ್ತಿಲ್ಲ. ಒಳಗಿನಿಂದ ಚಿಲಕ. ಬಡಿದರೆ ದನಿಯಿಲ್ಲ. ಬಾಗಿಲು ಒಡೆದರೆ ನೆಲದ ಮೇಲೆ ಹರೆಯದ ಹೆಣ್ಣು, ಮದುವಣಗಿತ್ತಿಯ ಹಾಗೆ ರೇಷ್ಮೆ ಸೀರೆ ಉಟ್ಟವಳು. ಕೊರಳಲ್ಲಿ, ಕಿವಿಯಲ್ಲಿ, ಕೈಯಲ್ಲಿ ಚಿನ್ನದ ಎಳೆಯೂ ಇಲ್ಲ. ಮೈಮೇಲೆ ಗಾಯವಿಲ್ಲ. ಬಾಗಿಲು ಒಳಗಿನಿಂದಲೇ ಹಾಕಿತ್ತಲ್ಲ, ಹಾಗಾಗಿ ಆತ್ಮಹತ್ಯೆ. ಹತ್ತಿರದ ಠಾಣೆಯವರು ಬಂದು ಫೋಟೊ ತೆಗೆಸಿ ಯುಡಿಆರ್ ಬರೆದು ಹೋದರು.

2003ರಿಂದ 2009ರವರೆಗೆ ಇದೇ ನೋಟ ಮತ್ತೆ ಮತ್ತೆ ಕಂಡಿತು. ರೇಷ್ಮೆ ಸೀರೆ ಉಟ್ಟವಳ ಮೈಮೇಲೆ ಬಂಗಾರ ಏಕಿಲ್ಲ ಎಂಬ ಪ್ರಶ್ನೆಯೊಂದೇ ಸಾಕಿತ್ತು. ಮದುವೆಗೆ ಹೊರಟ ಹಾಗೆ ಸಿಂಗರಿಸಿಕೊಂಡವಳು ಬಸ್ ನಿಲ್ದಾಣದ ಶೌಚಾಲಯಕ್ಕೆ ಸಾಯಲು ಏಕೆ ಬಂದಳು ಎಂಬುದು ಎರಡನೆಯ ಪ್ರಶ್ನೆ. ಆದರೆ ಒಂದೊಂದು ಸಾವು ಒಂದೊಂದು ಊರಿನದು, ಒಂದೊಂದು ಠಾಣೆಯದು. ಮೈಸೂರಿನ ಪೇದೆಗೆ ಬೆಂಗಳೂರಿನ ಫೋಟೊ ಕಾಣದು. ಬೆಂಗಳೂರಿನವರಿಗೆ ಮಡಿಕೇರಿಯದು ತಿಳಿಯದು. ಒಂದೊಂದನ್ನೇ ನೋಡಿದರೆ ಅದು ಬಡವರ ಮನೆಯ ಮಗಳೊಬ್ಬಳ ದುಃಖದ ಕೊನೆ. ಎಲ್ಲವನ್ನೂ ಜೋಡಿಸಿ ನೋಡಿದ್ದರೆ ಮಗುವಿಗೂ ಅರ್ಥವಾಗುತ್ತಿತ್ತು.

ಇತ್ತ ಊರುಗಳಲ್ಲಿ ಏನಾಗುತ್ತಿತ್ತು? ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡು ಕಡೆಯ ಮನೆಗಳವು. ಬೀಡಿ ಕಟ್ಟಿಯೋ ಸಣ್ಣ ಕೆಲಸ ಮಾಡಿಯೋ ಮನೆಗೆ ಆಸರೆಯಾದ, ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳು. ಒಂದು ದಿನ ದೇವಸ್ಥಾನಕ್ಕೆಂದೋ ಗೆಳತಿಯ ಮನೆಗೆಂದೋ ಹೇಳಿ ಹೊರಟವರು ತಿರುಗಿ ಬರಲಿಲ್ಲ. ಮಗಳು ಓಡಿಹೋದಳೆಂದು ಠಾಣೆಗೆ ಹೋಗಿ ಬರೆಸುವುದು ಮರ್ಯಾದೆಯ ಪ್ರಶ್ನೆ. ಬರೆಸಲು ಹೋದ ಅಪ್ಪನಿಗೂ ಅಲ್ಲಿ ಎದುರಾಗುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಯಾರ ಜೊತೆಗಾದರೂ ಮಾತುಕತೆ ಇತ್ತೇನಯ್ಯಾ?’ ಇತ್ತು ಎಂದರೆ ಕಡತದ ಅರ್ಧ ಅಲ್ಲೇ ಮುಚ್ಚಿತು. ಯಾರನ್ನೋ ಕಟ್ಟಿಕೊಂಡು ಎಲ್ಲೋ ಸುಖವಾಗಿದ್ದಾಳೆ, ಒಂದು ದಿನ ಮಗುವನ್ನೆತ್ತಿಕೊಂಡು ಬರುತ್ತಾಳೆ ಎಂದು ಮನೆಯವರೂ ನಂಬಿಕೊಂಡರು. ಆ ನಂಬಿಕೆಯನ್ನು ನಾನು ಹಳಿಯಲಾರೆ. ಅದಿಲ್ಲದೆ ಬದುಕುವುದು ಆ ತಾಯಂದಿರಿಗೆ ಹೇಗೆ ಸಾಧ್ಯವಿತ್ತು? ಠಾಣೆಯೂ ಅದನ್ನೇ ನಂಬಿ ಕೂತದ್ದನ್ನು ಮಾತ್ರ ಹಳಿಯುತ್ತೇನೆ.

2009ರ ಜೂನ್‌ನಲ್ಲಿ ಬಂಟ್ವಾಳದ ಕಡೆಯ ಒಬ್ಬ ಯುವತಿ ಹೀಗೇ ಕಾಣೆಯಾದಳು. ಈ ಸಲ ಊರು ಸುಮ್ಮನಿರಲಿಲ್ಲ. ಅನ್ಯಮತದ ಹುಡುಗನೊಬ್ಬ ಹಾರಿಸಿಕೊಂಡು ಹೋದನೆಂದು ಗುಲ್ಲೆದ್ದಿತು, ಠಾಣೆಯ ಮುಂದೆ ಜನ ಸೇರಿದರು, ಬೆಂಕಿಯ ಮಾತೂ ಬಂತು. ಆ ಗುಲ್ಲು ಪೂರ್ತಿ ಸುಳ್ಳಾಗಿತ್ತು. ಭಟ್ಕಳದ ಜನಕ್ಕೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. 1993ರ ಗಲಭೆಯ ತಿಂಗಳುಗಳನ್ನು ಕಂಡ ಮನೆಗಳು ಇಲ್ಲಿ ಬೀದಿಗೊಂದಿವೆ. ಗುಂಪು ಕೂಗಿದ್ದರಿಂದ ಪೊಲೀಸರು ಚುರುಕಾದರು ಎಂಬುದು ನಿಜ. ಗುಂಪು ತೋರಿದ ಕಡೆಗೇ ಅವರು ಓಡಿದ್ದರೆ ಒಬ್ಬ ನಿರಪರಾಧಿ ಒಳಗಾಗುತ್ತಿದ್ದ, ಕೊಲೆಗಾರ ಮುಂದಿನ ಹೆಣ್ಣನ್ನು ಹುಡುಕುತ್ತಿದ್ದ ಎಂಬುದೂ ಅಷ್ಟೇ ನಿಜ. ಬಂಟ್ವಾಳದ ಸರ್ಕಲ್ ಇನ್‌ಸ್ಪೆಕ್ಟರ್ ಆಗಿದ್ದ ನಂಜುಂಡೇಗೌಡರ ತನಿಖೆ ಗುಲ್ಲಿನ ಹಿಂದೆ ಹೋಗದೆ ಆ ಯುವತಿಯ ಮೊಬೈಲಿನ ಕರೆ ದಾಖಲೆಯ ಹಿಂದೆ ಹೋಯಿತು.

ಕರೆ ದಾಖಲೆಯನ್ನು ಓದುವುದು ಕಣ್ಣು ಸೋಲುವ ಕೆಲಸ. ಹಾಳೆ ಹಾಳೆ ನಂಬರುಗಳು: ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಟವರು. ಅಕ್ಕನಿಗೆ ಮಾಡಿದ್ದು, ಸೊಸೈಟಿಗೆ ಮಾಡಿದ್ದು, ರೀಚಾರ್ಜ್ ಅಂಗಡಿಗೆ ಮಾಡಿದ್ದು ಎಂದು ಒಂದೊಂದನ್ನೂ ಗೆರೆ ಎಳೆದು ತಳ್ಳಿಹಾಕಬೇಕು. ಹಾಗೆ ತಳ್ಳುತ್ತ ಹೋದಾಗ, ರಾತ್ರಿ ಹೊತ್ತಿನಲ್ಲಿ ತಾಸುಗಟ್ಟಲೆ ಮಾತಾಡಿದ ಒಂದು ನಂಬರು ಉಳಿಯಿತು. ಆ ಸಿಮ್ ಯಾರ ಹೆಸರಿನಲ್ಲಿದೆ ಎಂದು ನೋಡಿದರೆ ಅದು ಗಂಡಸಿನದಲ್ಲ, ಮಡಿಕೇರಿ ಕಡೆಯ ಒಬ್ಬ ಹೆಣ್ಣುಮಗಳದು. ಅವಳ ಮನೆಗೆ ಹೋದರೆ ಅವಳೂ ಕಾಣೆ. ಅವಳ ಕರೆಗಳನ್ನು ತೆಗೆದರೆ ಮತ್ತೊಂದು ನಂಬರು, ಅದು ಕಾಸರಗೋಡು ಕಡೆಯವಳದು, ಅವಳೂ ಇಲ್ಲ. ಅಲ್ಲಿಂದ ಪುತ್ತೂರು ಕಡೆಗೆ, ಅಲ್ಲೂ ಅದೇ. ಕೊಲೆಗಾರ ಒಬ್ಬಳನ್ನು ಮುಗಿಸಿ ಅವಳ ಸಿಮ್ಮಿನಿಂದಲೇ ಮುಂದಿನವಳನ್ನು ಮಾತಾಡಿಸುತ್ತಿದ್ದ. ತನ್ನ ಗುರುತು ಮರೆಸಲು ಹೂಡಿದ ಆ ಉಪಾಯವೇ ಕಾಣೆಯಾದವರನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿಬಿಟ್ಟಿತು. ಆರು ವರ್ಷ ಯಾವ ಠಾಣೆಯೂ ಹಾಕದ ಗಂಟನ್ನು ಕೊಲೆಗಾರನೇ ಹಾಕಿಟ್ಟಿದ್ದ.

ಆ ನಂಬರುಗಳೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಮಂಗಳೂರಿನ ಪಕ್ಕದ ದೇರಳಕಟ್ಟೆಯ ಟವರಿನಡಿ ಬಂದುಹೋಗಿದ್ದವು. ಅಲ್ಲಿನ ಲಾಡ್ಜುಗಳನ್ನು ಜಾಲಾಡಿದರು. ಸಿಮ್ ಬದಲಾದರೂ ಹ್ಯಾಂಡ್‌ಸೆಟ್ಟಿಗೊಂದು ಸ್ವಂತ ಸಂಖ್ಯೆ ಇರುತ್ತದೆ, ಐಎಂಇಐ. ಆ ಸಿಮ್ಮುಗಳಲ್ಲೊಂದನ್ನು ಹಾಕಿದ್ದ ಫೋನೊಂದು ಹುಡುಗನೊಬ್ಬನ ಕೈಯಲ್ಲಿ ಇನ್ನೂ ಓಡುತ್ತಿತ್ತು. ಕೇಳಿದರೆ, ಮಾವ ಕೊಟ್ಟದ್ದು ಎಂದ. ಆ ಮಾವನೇ ಮೋಹನ್ ಕುಮಾರ್, ಪ್ರಾಥಮಿಕ ಶಾಲೆಯ ಮಾಜಿ ಮೇಷ್ಟ್ರು. 2009ರ ಅಕ್ಟೋಬರ್‌ನಲ್ಲಿ ಸೆರೆಯಾದ. ಕರ್ನಾಟಕಕ್ಕೆಲ್ಲ ಅವನು ‘ಸೈನೈಡ್ ಮೋಹನ’ ಎಂದೇ ಗೊತ್ತು.

ಪತ್ರಿಕೆಗಳಿಗೆ ಕತೆ ಅಲ್ಲಿಗೆ ಮುಗಿಯಿತು. ಪೊಲೀಸರಿಗೆ ಅಲ್ಲಿಂದ ಶುರು. ಠಾಣೆಯಲ್ಲಿ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಆದ್ದರಿಂದ ಇಪ್ಪತ್ತು ಹೆಣ್ಣುಮಕ್ಕಳ ಸಾವನ್ನು ಒಂದೊಂದಾಗಿ, ಬೇರೆ ಬೇರೆಯಾಗಿ ರುಜುವಾತು ಮಾಡಬೇಕಿತ್ತು. ಯಾವ ಊರಿನ ಯಾವ ನಿಲ್ದಾಣದಲ್ಲಿ ಯಾವ ತಾರೀಖಿಗೆ ಗುರುತಿಲ್ಲದ ದೇಹ ಸಿಕ್ಕಿತ್ತು ಎಂದು ಊರೂರಿನ ಯುಡಿಆರ್ ಕಡತಗಳನ್ನು ಕಟ್ಟಿನಿಂದ ಬಿಡಿಸಿದರು. ಪಂಚನಾಮೆಗೆ ಅಂಟಿಸಿದ್ದ ಫೋಟೊಗಳನ್ನು ತಂದು ಮನೆಯವರ ಮುಂದಿಟ್ಟರು. ಆ ಗಳಿಗೆಗಳನ್ನು ಯೋಚಿಸಿದರೆ ಕೈ ತಣ್ಣಗಾಗುತ್ತದೆ. ಎಲ್ಲೋ ಸಂಸಾರ ಮಾಡಿಕೊಂಡಿದ್ದಾಳೆಂದು ವರ್ಷಗಟ್ಟಲೆ ನಂಬಿದ್ದ ತಾಯಿ, ಶೌಚಾಲಯದ ನೆಲದ ಮೇಲೆ ಬಿದ್ದ ಮಗಳ ಫೋಟೊವನ್ನು ನೋಡಿ, ಹೌದು ಇವಳೇ ಎಂದು ಹೇಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು.

ದೇಹಕ್ಕೆ ಹೆಸರು ಬಂದ ಮೇಲೆ ಉಳಿದದ್ದು ಅವನಿಗೂ ಅವಳಿಗೂ ನಂಟು ತೋರಿಸುವುದು. ಒಂದೊಂದು ಲಾಡ್ಜಿನಲ್ಲಿ ಒಂದೊಂದು ಹೆಸರು ಹೇಳಿ, ಗಂಡ ಹೆಂಡತಿ ಎಂದು ಬರೆಸಿ, ಒಂದು ರಾತ್ರಿ ಉಳಿದಿದ್ದ. ಬೆಳಗ್ಗೆ ಒಡವೆಯನ್ನು ಕೋಣೆಯಲ್ಲೇ ಬಿಚ್ಚಿಡಲು ಹೇಳಿ, ಬಸ್ ನಿಲ್ದಾಣಕ್ಕೆ ಕರೆತಂದು, ಬಸುರು ತಡೆಯುವ ಮಾತ್ರೆ ಎಂದು ಸೈನೈಡ್ ಕೊಟ್ಟು, ಒಳಗೆ ಹೋಗಿ ನುಂಗಿ ಬಾ ಎನ್ನುತ್ತಿದ್ದ. ಚಿಲಕ ಒಳಗಿನಿಂದ ಬಿದ್ದಿದ್ದರ ಗುಟ್ಟು ಇಷ್ಟೇ. ಹೆಸರು ಸುಳ್ಳಾದರೂ ಲಾಡ್ಜಿನ ರಿಜಿಸ್ಟರಿನ ಕೈಬರಹ ಸುಳ್ಳಾಗದು. ಮಾರಿದ, ಅಡವಿಟ್ಟ ಚಿನ್ನ ಅಂಗಡಿಯ ಪುಸ್ತಕದಲ್ಲಿ ದಿನಾಂಕ ಸಮೇತ ಕೂತಿರುತ್ತದೆ. ಅಕ್ಕಸಾಲಿಯ ಸೋಗು ಹಾಕಿ ರಾಸಾಯನಿಕದ ಅಂಗಡಿಯಿಂದ ಸೈನೈಡ್ ಪಡೆದಿದ್ದ; ಆ ಜಾಡನ್ನೂ ಹಿಡಿದರು. ಮಾತ್ರೆ ತೆಗೆದುಕೊಂಡೂ ಬದುಕುಳಿದ ಒಬ್ಬಳು ಕಟಕಟೆಯೇರಿ ನಿಂತು ನಡೆದದ್ದನ್ನು ಹೇಳಿದಳು. ಇಡೀ ವಿಚಾರಣೆಯಲ್ಲಿ ಅದಕ್ಕಿಂತ ದೊಡ್ಡ ಧೈರ್ಯದ ಕೆಲಸ ಇನ್ನೊಂದು ನಡೆಯಲಿಲ್ಲವೆಂದು ನಾನು ತಿಳಿದಿದ್ದೇನೆ. ಆರೋಪಿ ವಕೀಲನನ್ನು ಬಿಟ್ಟು ತಾನೇ ವಾದಿಸಿದ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಮರಣದಂಡನೆ ಕೊಟ್ಟಿತು. ಅದರಲ್ಲೊಂದನ್ನು 2017ರಲ್ಲಿ ಹೈಕೋರ್ಟ್ ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಗಮನಿಸಬೇಕಾದ್ದೆಂದರೆ, ಹಳೆಯ ಆ ಯುಡಿಆರ್‌ಗಳನ್ನು ಉದಾಸೀನದಿಂದ ಬರೆದಿದ್ದರೂ ಬರೆದಿಟ್ಟಿದ್ದರು. ಫೋಟೊ ತೆಗೆಸಿದ್ದರು, ಸೀರೆಯ ಬಣ್ಣ ಗುರುತು ಹಾಕಿದ್ದರು. ಯಾರೋ ಒಬ್ಬ ರೈಟರ್, ಯಾರೋ ಒಬ್ಬ ಹೆಡ್ ಕಾನ್‌ಸ್ಟೆಬಲ್, ಇದರಿಂದ ಮುಂದೆ ಏನಾದೀತೆಂದು ತಿಳಿಯದೆಯೇ ಮಾಡಿದ ಅಷ್ಟು ಕೆಲಸವೇ ಆರು ವರ್ಷದ ಮೇಲೆ ಸತ್ತವಳಿಗೆ ಹೆಸರು ಕೊಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಅತ್ಯಾಚಾರ, ಕೊಲೆಗಳ ಸರಣಿ ನಡೆಸಿದ ಮಾಜಿ ಪೊಲೀಸನೊಬ್ಬನನ್ನು 2018ರಲ್ಲಿ ಹಿಡಿದರು. ದೂರದ ನೆಂಟರ ಡಿಎನ್ಎಯಿಂದ ವಂಶವೃಕ್ಷ ಬಿಡಿಸುತ್ತ ಅವನ ಮನೆ ಬಾಗಿಲಿಗೆ ಬಂದರು. ಜಗತ್ತು ಆ ತಂತ್ರವನ್ನು ಕೊಂಡಾಡಿತು. ದಶಕಗಳ ಕಾಲ ಆ ಮಾದರಿಯನ್ನು ಕೆಡದಂತೆ ಕಾಪಾಡಿದ ಉಗ್ರಾಣವನ್ನೂ ಅಷ್ಟೇ ಕೊಂಡಾಡಬೇಕಿತ್ತು. ನಮ್ಮ ಠಾಣೆಗಳಲ್ಲಿ ಅದಕ್ಕೆ ‘ಮುದ್ದೆಮಾಲು’ ಕೋಣೆ ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಈ ಸೀಮೆಯಲ್ಲಿ ಆ ಕೋಣೆ ಹೇಗಿದೆ ಎಂಬುದು ನ್ಯಾಯದ ಪ್ರಶ್ನೆ.

ಗುಂಡಿನ ಮಾತು ಹೇಳಿದರೆ ಕಾಪಿಟ್ಟ ಸಾಕ್ಷ್ಯದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರನ್ನು ಕೊಂದರು. ಬಾಗಿಲು ಬಡಿದರು, ಗುಂಡು ಹಾರಿಸಿದರು, ಬೈಕಿನಲ್ಲಿ ಹೋದರು. ಎರಡು ವರ್ಷ ತನಿಖೆ ನಿಂತಲ್ಲೇ ನಿಂತಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಕೊಲೆಯಾದಾಗ ವಿಧಿವಿಜ್ಞಾನ ಪ್ರಯೋಗಾಲಯದವರು ಅಲ್ಲಿ ಸಿಕ್ಕ ಗುಂಡು ಮತ್ತು ಖಾಲಿ ಕೋಶಗಳನ್ನು ಧಾರವಾಡದವುಗಳ ಪಕ್ಕದಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟರು. ಪ್ರತಿ ಪಿಸ್ತೂಲೂ ತಾನು ಹಾರಿಸಿದ ಗುಂಡಿನ ಮೇಲೆ ತನ್ನದೇ ಗೀರು ಬಿಡುತ್ತದೆ, ಕೋಶದ ಹಿಂಬದಿಯಲ್ಲಿ ಬಡಿಯುವ ಪಿನ್ನಿನ ಗುರುತು ಬಿಡುತ್ತದೆ. ಎರಡೂ ಕಡೆಯ ಗುರುತು ಕೂಡಿದವು: 7.65 ಮಿಲಿಮೀಟರಿನ ಅದೇ ನಾಡ ಪಿಸ್ತೂಲು. ಬಿ.ಕೆ. ಸಿಂಗ್ ನೇತೃತ್ವದ, ಎಂ.ಎನ್. ಅನುಚೇತ್ ತನಿಖಾಧಿಕಾರಿಯಾಗಿದ್ದ ವಿಶೇಷ ತಂಡ ಗೌರಿ ಪ್ರಕರಣದ ಎಳೆ ಹಿಡಿದು ಹೊರಟಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನೂ ಅದೇ ತಂಡಕ್ಕೆ ಒಪ್ಪಿಸಿತು. ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು.

ಎಲ್ಲ ಸಲವೂ ಪ್ರಯೋಗಾಲಯವೇ ಬೇಕೆಂದಿಲ್ಲ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಖಲೀಲಿ 1991ರ ಮೇ ತಿಂಗಳಲ್ಲಿ ಬೆಂಗಳೂರಿನ ರಿಚ್ಮಂಡ್ ರಸ್ತೆಯ ತಮ್ಮ ಬಂಗಲೆಯಿಂದ ಮಾಯವಾದರು. ಆಕೆ ವಿದೇಶದಲ್ಲಿದ್ದಾಳೆಂದು ಎರಡನೆಯ ಗಂಡ ಸ್ವಾಮಿ ಶ್ರದ್ಧಾನಂದ ಎಲ್ಲರನ್ನೂ ನಂಬಿಸಿದ್ದ. ಮಗಳು ಬಿಡದೆ ದೂರು ಕೊಟ್ಟಳು. ಮೂರು ವರ್ಷ ಹತ್ತಿರವಾದ ಮೇಲೆ ಸುಳಿವು ಸಿಕ್ಕಿದ್ದು ಸಾರಾಯಿ ಅಂಗಡಿಯಲ್ಲಿ. ಆ ಮನೆಯ ಆಳೊಬ್ಬ ಕುಡಿದು ಬಾಯಿಬಿಟ್ಟದ್ದು ಪೊಲೀಸನೊಬ್ಬನ ಕಿವಿಗೆ ಬಿತ್ತು. 1994ರ ಮಾರ್ಚ್ 30ರಂದು ಬಂಗಲೆಯ ಅಂಗಳ ಅಗೆದರೆ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ. ತಲೆಬುರುಡೆಗೆ ಭಾವಚಿತ್ರ ಹೊಂದಿಸಿ ನೋಡಿ, ಡಿಎನ್ಎ ತಾಳೆ ಮಾಡಿ ಗುರುತು ಹಿಡಿದರು. 2008ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಸಾಯುವ ತನಕ ಸೆರೆವಾಸ ವಿಧಿಸಿತು. ರಿಚ್ಮಂಡ್ ರಸ್ತೆಯ ಒಂದು ಸಾವಿಗೆ ಸಿಕ್ಕ ಗಮನದಲ್ಲಿ ಕಾಲುಪಾಲು ಬಸ್ ನಿಲ್ದಾಣಗಳ ಆ ಸಾವುಗಳಿಗೆ ಸಿಕ್ಕಿದ್ದರೆ ಲೆಕ್ಕ ಇಪ್ಪತ್ತಕ್ಕೆ ಏರುತ್ತಿರಲಿಲ್ಲ.

ಭಟ್ಕಳಕ್ಕೆ ಮರಳಿದರೆ ಇಲ್ಲಿನ ಎಲ್ಲಕ್ಕಿಂತ ದೊಡ್ಡ ಹಳೆಯ ಕೇಸು ಇನ್ನೂ ಹಾಗೇ ಇದೆ. 1996ರ ಏಪ್ರಿಲ್ 10ರ ರಾತ್ರಿ ಆಗಿನ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಪೊಲೀಸರು ಹುಡುಕಿದರು, ಸಿಬಿಐ ಬಂತು, ವಿಚಾರಣಾ ಆಯೋಗ ಕೂತಿತು. ಕೊಂದವರು ಇಂಥವರೆಂದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ. ಇಂಥ ಪ್ರಕರಣಗಳ ಸುತ್ತ ಊರಿನಲ್ಲಿ ಒಂದು ಬಗೆಯ ಖಚಿತ ಜ್ಞಾನ ಬೆಳೆದುಬಿಡುತ್ತದೆ: ಕೊಂದದ್ದು ಅವರೇ ಎಂದು ಒಬ್ಬ, ಅಲ್ಲ ಇವರೇ ಎಂದು ಇನ್ನೊಬ್ಬ. ಬಂಟ್ವಾಳದ ಠಾಣೆಯ ಮುಂದೆ ಕೂಗಿದವರಿಗೂ ಅಷ್ಟೇ ಖಚಿತವಾಗಿ ಗೊತ್ತಿತ್ತು.

ಆರೋಪಿ ಪತ್ತೆಯಾಗದಿದ್ದಾಗ ಪೊಲೀಸರು ನ್ಯಾಯಾಲಯಕ್ಕೆ ಕೊಡುವುದು ‘ಸಿ’ ರಿಪೋರ್ಟು. ಅದು ಮುಕ್ತಾಯವಲ್ಲ. ಕೊಲೆಯ ವಿಚಾರಣೆಗೆ ನಮ್ಮ ಕಾನೂನಿನಲ್ಲಿ ಕಾಲಮಿತಿಯಿಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಮುಂದುವರಿದ ತನಿಖೆಗೆ ಹಳೆಯ ಸಂಹಿತೆಯ 173(8)ರಲ್ಲೂ ಹೊಸದರ 193ರಲ್ಲೂ ದಾರಿಯಿದೆ. ಹಳೆಯ ಪ್ರಕರಣದಲ್ಲಿ ಕಾಲ ಬರೀ ಶತ್ರುವಲ್ಲ. ಒಂದು ಕಾಲಕ್ಕೆ ಒಂದೇ ತಟ್ಟೆಯಲ್ಲಿ ಉಂಡವರು ಬೇರೆಯಾಗುತ್ತಾರೆ, ಯಾರಿಗೆ ಹೆದರಿ ಬಾಯಿ ಮುಚ್ಚಿದ್ದರೋ ಅವರು ಸತ್ತಿರುತ್ತಾರೆ, ಅಂದು ಮಸುಕೆಂದು ಬಿಟ್ಟ ಬೆರಳಚ್ಚನ್ನು ಇಂದು ಕಂಪ್ಯೂಟರು ಓದಬಲ್ಲದು. ಜಿಲ್ಲೆಯ ಯಾವುದೋ ಠಾಣೆಗೆ ಹೊಸದಾಗಿ ಬಂದ ಇನ್‌ಸ್ಪೆಕ್ಟರೊಬ್ಬ ತನ್ನದಲ್ಲದ ಕಾಲದ ಕಟ್ಟನ್ನು ಬಿಚ್ಚಿ ಮೊದಲ ಹಾಳೆಯಿಂದ ಓದಲು ಕೂತರೆ, ಸಾಕ್ಷಿಗಳ ಪಟ್ಟಿಯಲ್ಲಿ ಯಾರನ್ನು ಅಂದು ಕೇಳಲೇ ಇಲ್ಲ ಎಂಬುದು ಅವನ ಕಣ್ಣಿಗೆ ಬೀಳುತ್ತದೆ. 1996ರಲ್ಲಿ ಇಪ್ಪತ್ತು ವರ್ಷದವನಾಗಿದ್ದವನಿಗೆ ಈಗ ಐವತ್ತರ ಸುಮಾರು. ಆ ರಾತ್ರಿ ಭಟ್ಕಳದಲ್ಲಿ ಏನಾದರೂ ಕಂಡವರು, ಕೇಳಿದವರು ಇನ್ನೂ ಇದೇ ಊರುಗಳಲ್ಲಿ ಇರಬಹುದು. ಅವರನ್ನು ಕೂರಿಸಿಕೊಂಡು ಕೇಳಬೇಕಾದದ್ದು ಈಗ.